ಹಾಲುಹಲ್ಲು ಬೀಳುವ ಮುನ್ನ

ಥಾಮಸಿನ್ ಎರಡನೆಯ ಸಲ ಮದುವೆಯಾದದ್ದು ಮಗಳಿಗೋಸ್ಕರ. ಗಂಡಿನ ಮೇಲೆ ಮನಸ್ಸಾಗಿ ಅಲ್ಲ. ಮದುವೆಯ ದಿನದವರೆಗೆ ಆಮೋಸ್ ಲಕ್ಸ್‌ಟನ್ ಎಂಬುವನನ್ನು ಅವಳು ಕಂಡದ್ದೇ ಒಂದು ಸಲ, ಅದೂ ಬೇಲಿಯ ಈಚೆ ನಿಂತು. ಪಕ್ಕದ ಹೆಡನ್‌ಲೀ ಪ್ಯಾರಿಷ್ಷಿನವನು, ಎಂದರೆ ಬೇರೆ ಚರ್ಚಿನ ಸರಹದ್ದಿಗೆ ಸೇರಿದ ಊರಿನವನು, ನಲವತ್ತು ದಾಟಿದವನು, ಕುಂಟ, ಕಂಡವರ ಹೊಲಗಳಿಗೆ ಬೇಲಿ ಹೆಣೆದು ಹೊಟ್ಟೆ ಹೊರೆಯುವವನು. ಅವನು ಮಚ್ಚಿನಿಂದ ಹಸಿ ಕೋಲು ಸೀಳುತ್ತಿದ್ದ ಬಗೆ ನೋಡಿ, ಕೈ ಸೋಮಾರಿಯಲ್ಲ ಎಂದು ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದಳು. ಅಷ್ಟೇ.

ಮೊದಲ ಗಂಡ ಜೋನಸ್ ಯೋ ಬಾವಿ ತೋಡುವವನು. ಡೆವನ್ ಸೀಮೆ ಬಿಟ್ಟು ಪೂರ್ವಕ್ಕೆ, ವಿಲ್ಟ್‌ಷೈರಿನ ಸುಣ್ಣಗಲ್ಲಿನ ಬಯಲಿಗೆ ಕೆಲಸ ಹುಡುಕಿಕೊಂಡು ಹೋದವನು. ಥಾಮಸಿನ್ ಅವನಿಗೆ ಸಿಕ್ಕಿದ್ದು ಅಲ್ಲಿ, ಮಗಳು ಟ್ರಿಫೀನಾ ಹುಟ್ಟಿದ್ದು ಅಲ್ಲಿ, ಬಾವಿಯ ಮಗ್ಗುಲು ಕುಸಿದು ಅವನು ಮಣ್ಣುಪಾಲಾದದ್ದೂ ಅಲ್ಲೇ. ಬಾವಿಯ ಯಜಮಾನ ಹೆಣ ತೆಗೆಸುವ ಗೋಜಿಗೆ ಹೋಗದೆ ಹಾಗೇ ಮುಚ್ಚಿಸಿ, ಪಕ್ಕದ ಜಾಗದಲ್ಲಿ ಬೇರೆ ಬಾವಿ ತೋಡಿಸಿದ. ಅತ್ತ ಕಣ್ಣು ಆರುವ ಮೊದಲೇ ಅಲ್ಲಿನ ಪ್ಯಾರಿಷ್ಷಿನವರು ತಾಯಿ ಮಗು ಇಬ್ಬರನ್ನೂ ಗಾಡಿಗೆ ಹತ್ತಿಸಿ ಬ್ರಾಕ್‌ಕೂಂಬಿಗೆ ಸಾಗಹಾಕಿದರು. ಜೋನಸ್ ಬ್ರಾಕ್‌ಕೂಂಬಿನವನು. ಆದ್ದರಿಂದ ಅವನ ಹೆಂಡತಿಗೂ ಅದೇ ಊರು, ಮಗುವಿಗೂ ಅದೇ ಊರು. ಗತಿ ಕೆಟ್ಟಾಗ ಹೊಟ್ಟೆಗೆ ಕೇಳುವ ಹಕ್ಕಿರುವುದು ಅದೊಂದೇ ಕಡೆ. ಹೀಗೆ ಥಾಮಸಿನ್ ಕಣ್ಣಲ್ಲೂ ಕಂಡಿರದ ಊರೊಂದು ಅವಳ ಊರಾಯಿತು. ಮೂರನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದ ಮರುವರ್ಷದ ಮಾತಿದು.

ಬ್ರಾಕ್‌ಕೂಂಬಿನವರು ಅವಳನ್ನು ಬೀದಿಗೆ ಬಿಡಲಿಲ್ಲ. ಚರ್ಚಿಗೆ ಸೇರಿದ ಹಳೆಯ ಮನೆಯಲ್ಲಿ ಒಂದು ಮೂಲೆ ಕೊಟ್ಟರು, ವಾರಕ್ಕಿಷ್ಟು ಎಂದು ಕಾಸು ಕೊಟ್ಟರು, ಬಲಭುಜಕ್ಕೆ ಹೊಲಿದುಕೊಳ್ಳಲು ಕೆಂಪು ಬಟ್ಟೆಯ ಗುರುತು ಕೊಟ್ಟರು. ಊರಿನ ಹಣದಲ್ಲಿ ತಿನ್ನುವವರು ಅದನ್ನು ಹೊಲಿದುಕೊಳ್ಳಲೇಬೇಕು, ಮಕ್ಕಳಾದರೂ ಸರಿ. ಥಾಮಸಿನ್ ತನ್ನದನ್ನು ಗಟ್ಟಿಯಾಗಿ ಹೊಲಿದಳು. ಮಗಳ ಅಂಗಿಯ ಮೇಲಿನದಕ್ಕೆ ಮಾತ್ರ ದೊಡ್ಡ ದೊಡ್ಡ ಹೊಲಿಗೆ ಹಾಕಿದಳು. ಎಂದಾದರೂ ಕೀಳುವ ದಿನ ಬಂದರೆ ಬಟ್ಟೆ ಹರಿಯಬಾರದು.

ಬಡವರನ್ನು ನೋಡಿಕೊಳ್ಳುವ ಕೆಲಸ ಊರಿನ ರೈತರಿಗೆ ಮನೆಸರದಿಯ ಮೇಲೆ ಬರುತ್ತಿತ್ತು. ಸಂಬಳ ಇಲ್ಲ, ಬೈಗುಳ ಉಂಟು. ಈಸ್ಟರಿನಿಂದ ಈಸ್ಟರಿಗೆ ಒಬ್ಬೊಬ್ಬರದು. ಆ ವರ್ಷ ಸರದಿ ಬಂದದ್ದು ಕುರಿ ಸಾಕುವ ಗಿಲ್ಬರ್ಟ್ ಸ್ನೆಲ್‌ಗೆ. ಕೆಂಪು ಮುಖದ, ದೊಡ್ಡ ದನಿಯ ಮನುಷ್ಯ. ಒಂದು ದಿನ ಅವನು ಕುದುರೆಯಿಂದ ಇಳಿಯದೆಯೇ ಬಾಗಿಲ ಬಳಿ ನಿಂತು ಕೇಳಿದ:

"ಏನಮ್ಮಾ ಥಾಮಸಿನ್, ಮದುವೆ ಆಗ್ತೀಯಾ?"

ಅವಳು ಉಣ್ಣೆ ನೂಲುತ್ತಿದ್ದ ಕೈ ನಿಲ್ಲಿಸಲಿಲ್ಲ. "ಯಜಮಾನ್ರಿಗೆ ಆಗ್ಲೇ ಒಬ್ರು ಇದಾರಲ್ಲ."

"ಅಯ್ಯೋ, ನನಗಲ್ಲ ಮಾರಾಯ್ತಿ! ಒಬ್ಬಳನ್ನೇ ಸಂಭಾಳ್ಸಕ್ಕಾಗ್ದೆ ಸಾಯ್ತಿದೀನಿ." ಅವನು ನಕ್ಕು, ದನಿ ತಗ್ಗಿಸಿದ. "ಹೆಡನ್‌ಲೀ ಆಮೋಸ್ ಇದಾನಲ್ಲ, ಬೇಲಿ ಕಟ್ಟೋನು. ಒಳ್ಳೇವ್ನು. ಕುಡಿಯೋದು ಕಮ್ಮಿ. ಮದುವೆ ಖರ್ಚು ನಮ್ದು, ಊಟ ನಮ್ದು, ಅವನ ಕೈಗೂ ಏನೋ ಒಂದಿಷ್ಟು ಇಡ್ತೀವಿ. ನೀನು ಹೂಂ ಅಂದ್ರೆ ಸಾಕು."

ಅವರಿಗೇನು ಲಾಭ ಎಂದು ಅವಳು ಕೇಳಲಿಲ್ಲ. ಹೆಣ್ಣು ಗಂಡನ ಊರಿಗೆ ಸೇರುತ್ತಾಳೆ. ಹೆಡನ್‌ಲೀಯವನನ್ನು ಕಟ್ಟಿಕೊಂಡರೆ ಬ್ರಾಕ್‌ಕೂಂಬಿನ ತಲೆಯ ಮೇಲಿಂದ ಒಂದು ಹೊರೆ ಇಳಿದಂತೆ. ಅದು ಅವಳಿಗೂ ಗೊತ್ತು. ಆದರೆ ಅವಳ ಲೆಕ್ಕಾಚಾರ ಬೇರೆ ಇತ್ತು.

ಬ್ರಾಕ್‌ಕೂಂಬಿನಲ್ಲಿ ಬಡವರ ಮಗುವಿಗೆ ಏಳು ತುಂಬಿತೆಂದರೆ ಊರಿನ ರೈತರ ಹೆಸರುಗಳನ್ನು ಟೋಪಿಯೊಳಗೆ ಹಾಕಿ ಚೀಟಿ ಎತ್ತುತ್ತಿದ್ದರು. ಯಾರ ಹೆಸರು ಬರುತ್ತದೋ ಅವರ ಮನೆಗೆ ಮಗು. ಹುಡುಗಿಯಾದರೆ ಇಪ್ಪತ್ತೊಂದು ತುಂಬುವವರೆಗೆ, ಇಲ್ಲವೇ ಮದುವೆಯಾಗುವವರೆಗೆ. ಕೆಲಸ ಕಲಿಯಲು ಕಳಿಸುವುದು ಎಂದು ಅದಕ್ಕೆ ಹೆಸರು. ಅಲ್ಲಿ ಕಲಿಯುವ ಕೆಲಸವನ್ನು ಥಾಮಸಿನ್ ನೋಡಿದ್ದಳು. ಮೂರ್ ಎಂಬ ಬಂಜರು ಬೆಟ್ಟದ ಅಂಚಿನಲ್ಲಿ ವ್ಯಾನ್‌ಸ್ಟನ್ ಎಂಬುವನ ತೋಟದಮನೆ. ಅಲ್ಲಿಗೆ ಹಿಂದಿನ ವರ್ಷ ಹೋಗಿದ್ದ ಹುಡುಗಿಯೊಬ್ಬಳು ಜನವರಿಯ ತೊರೆಯಲ್ಲಿ ಮೊಣಕಾಲುದ್ದ ನಿಂತು ಟರ್ನಿಪ್ ಗೆಡ್ಡೆ ತೊಳೆಯುತ್ತಿದ್ದಳು. ಕಾಲಿನ ಬೆರಳುಗಳು ಒಡೆದು, ನೀರಿನಲ್ಲಿ ಎಳೆಎಳೆಯಾಗಿ ಕೆಂಪು ಹರಿಯುತ್ತಿತ್ತು. ಹುಡುಗಿ ಅಳುತ್ತಲೂ ಇರಲಿಲ್ಲ. ಅದನ್ನು ಕಂಡ ಮೇಲೆ ಥಾಮಸಿನ್‌ಗೆ ಮಗಳನ್ನು ಈ ಊರಿನಿಂದ ಹೇಗಾದರೂ ದಾಟಿಸಬೇಕೆಂಬುದೊಂದೇ ಯೋಚನೆ. ಟ್ರಿಫೀನಾಗೆ ಬರುವ ಜೂನಿನ ಸಂತ ಜಾನರ ಹಬ್ಬಕ್ಕೆ ಆರು ತುಂಬುವುದರಲ್ಲಿತ್ತು.

ಸಂತೆಯಲ್ಲಿ ಕರು ಹಾಕಿದ ಹಸುವನ್ನು ಮಾರಿದರೆ ಕರುವೂ ಹಿಂದೆಯೇ ಹೋಗುತ್ತದೆ. ಕರು ಬೇರೆ ಹಸು ಬೇರೆ ಎಂದು ಯಾರೂ ಚೌಕಾಸಿ ಮಾಡುವುದಿಲ್ಲ. ತಾನು ಹೆಡನ್‌ಲೀಯವಳಾದರೆ ಮಗಳೂ ಹೆಡನ್‌ಲೀಯವಳೇ, ಬ್ರಾಕ್‌ಕೂಂಬಿನ ಟೋಪಿಗೂ ಅವಳಿಗೂ ಸಂಬಂಧ ಹರಿಯಿತು. ಹೀಗೆಂದುಕೊಂಡೇ ಅವಳು ಹೂಂ ಎಂದಳು.

ಮದುವೆ ಬೆಳಗ್ಗೆ ಬ್ರಾಕ್‌ಕೂಂಬಿನ ಚರ್ಚಿನಲ್ಲಾಯಿತು. ಮದುಮಗ ಯಾರದೋ ಕೋಟು ಎರವಲು ತಂದು ಹಾಕಿಕೊಂಡಿದ್ದ. ತೋಳು ಗಿಡ್ಡವಾಗಿ ಮಣಿಕಟ್ಟು ಹೊರಗೆ ಚಾಚಿತ್ತು. ಸ್ನೆಲ್ ಓಡಾಡಿಕೊಂಡು, ತನ್ನ ಮಗಳ ಮದುವೆಯೇನೋ ಎಂಬಂತೆ ಎಲ್ಲರ ಕೈ ಕುಲುಕಿದ. ಹೊರಗೆ ಬಂದು ಚರ್ಚಿನ ಜಗಲಿಯಲ್ಲಿ ನಿಂತ ಕೂಡಲೇ ಥಾಮಸಿನ್ ಮಾಡಿದ ಮೊದಲ ಕೆಲಸವೆಂದರೆ ಭುಜದ ಕೆಂಪು ಗುರುತನ್ನು ಹಲ್ಲಿನಿಂದ ದಾರ ಕಚ್ಚಿ ಕಿತ್ತದ್ದು. ಆಮೇಲೆ ಮಂಡಿಯೂರಿ ಮಗಳ ತೋಳಿಗೆ ಕೈ ಹಾಕಿದಳು. ಎರಡು ಹೊಲಿಗೆ ಬಿಚ್ಚಿರಬೇಕು.

"ನಿನ್ನದು ತೆಗಿ," ಎಂದ ಸ್ನೆಲ್. "ಮಗೂದು ಇರ್ಲಿ."

"ಯಾಕೆ?"

"ಯಾಕೆ ಅಂದ್ರೆ? ಅದು ಜೋನಸ್ ಯೋನ ಮಗು. ಅಪ್ಪನ ಊರೇ ಮಗೂ ಊರು. ನೀನು ಹತ್ತು ಗಂಡನ್ನ ಕಟ್ಕೊಂಡ್ರೂ ಅದು ನಮ್ಮದೇ."

ಥಾಮಸಿನ್ ಮಂಡಿಯೂರಿದಲ್ಲೇ ಉಳಿದಳು. "ನನ್ ಜೊತೆ ಬರಲ್ವಾ?"

"ಬರ್ಲಿ, ಯಾರು ಬೇಡ ಅಂದ್ರು? ಏಳು ತುಂಬೋವರ್ಗೆ ತಾಯಿ ಹತ್ರಾನೇ ಇರ್ಬೇಕು, ಕಾನೂನೇ ಹಂಗಿದೆ. ಅಲ್ಲೀವರ್ಗೂ ಅದರ ಖರ್ಚು ನಾವೇ ಕಳಿಸ್ತೀವಿ. ಏಳಾದ್ಮೇಲೆ ನಮ್ಮಲ್ಲಿಗೆ ತಂದು ಬಿಡು, ಒಳ್ಳೆ ಮನೆ ನೋಡಿ ಕೆಲಸಕ್ಕೆ ಹಚ್ತೀವಿ." ಅವನು ಅವಳ ಮುಖ ನೋಡಿ ನಿಜವಾಗಿಯೂ ಆಶ್ಚರ್ಯಪಟ್ಟ. "ಇದು ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ದೆ ನಾನು."

ಆಮೋಸ್ ಕುಂಟುತ್ತಾ ಪಕ್ಕಕ್ಕೆ ಬಂದು ನಿಂತ. "ನಂಗೂ ಗೊತ್ತಿರ್ಲಿಲ್ಲ ಯಜಮಾನ್ರೇ," ಎಂದ. ಅದು ಅವನು ಗಂಡನಾಗಿ ಆಡಿದ ಮೊದಲ ಮಾತು.

ಊಟಕ್ಕೆ ಕುಳಿತಾಗ ಮಾಂಸದ ತಟ್ಟೆ ಅವಳ ಮುಂದೆ ಹಾಗೇ ಆರಿತು. ಮಗಳು ಮಾತ್ರ ಗಲ್ಲಕ್ಕೆಲ್ಲ ಕೊಬ್ಬು ಬಳಿದುಕೊಂಡು ತಿಂದಳು. ಅಂಥ ಊಟ ಅವಳ ಜನ್ಮದಲ್ಲಿ ಅದೇ ಮೊದಲು.

ಆ ವಾರವೇ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಮಗುವಿನ ವಯಸ್ಸು ಕೇಳಿದರು. ಬ್ಯಾಪ್ಟಿಸಂ ಆದದ್ದು ದೂರದ ಸೀಮೆಯಲ್ಲಿ, ಅಲ್ಲಿಂದ ಕಾಗದ ತರಿಸುವುದೆಂದರೆ ಖರ್ಚು. ತಾಯಿಯ ಪ್ರಮಾಣವೇ ಸಾಕೆಂದರು. ಥಾಮಸಿನ್ ಬೈಬಲಿನ ಮೇಲೆ ಕೈಯಿಟ್ಟಳು. ಸುಳ್ಳು ಪ್ರಮಾಣಕ್ಕೆ ಏನು ಶಿಕ್ಷೆ ಎಂಬುದು ಗೊತ್ತಿತ್ತು. ಛಡಿಯೇಟು, ಆಮೇಲೆ ಸೆರೆಮನೆಯಲ್ಲಿ ಹಗ್ಗದ ನಾರು ಬಿಡಿಸುವುದು. ಟ್ರಿಫೀನಾ ತೆಳ್ಳಗೆ, ಕುಳ್ಳಗೆ, ಬಾಗಿಲ ಬಳಿ ಹೆಬ್ಬೆರಳು ಚೀಪುತ್ತಾ ನಿಂತಿದ್ದಳು.

"ಐದು ಸ್ವಾಮಿ," ಎಂದಳು ಥಾಮಸಿನ್. "ಸಂತ ಜಾನರ ಹಬ್ಬಕ್ಕೆ ಐದು."

ಒಂದು ವರ್ಷ ಕದ್ದಂತಾಯಿತು. ಅದನ್ನು ಹೇಗೆ ಖರ್ಚು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಾ ನಡೆದಳು.

ಆಮೋಸನ ಮನೆ ಒಂದೇ ಕೋಣೆಯದು, ಮಣ್ಣುಗೋಡೆಯದು. ಹುಲ್ಲಿನ ಸೂರಿನೊಳಗೆ ಇಲಿಗಳ ಸಂಸಾರ. ಥಾಮಸಿನ್ ಬಂದ ದಿನವೇ ಒಲೆಯ ಬೂದಿ ತೆಗೆದು, ಹಾಸಿಗೆಯ ಹುಲ್ಲು ಸುಟ್ಟು ಹೊಸದು ತುಂಬಿದಳು. ಆಮೋಸ್ ಹೊರಗೆ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ.

"ನಂಗೆ ದುಡ್ಡೂ ಕೊಟ್ರು, ಊಟಾನೂ ಹಾಕ್ಸಿದ್ರು, ಈಗ ಮನೇನೂ ಗುಡಿಸಿ ಕೊಡ್ತಿದಾರೆ," ಎಂದ ಮಗುವಿಗೆ. "ಇಷ್ಟು ಲಾಭದ ವ್ಯಾಪಾರ ನಮ್ಮಪ್ಪನೂ ಮಾಡ್ಲಿಲ್ಲ ಕಣವ್ವ."

"ನಮ್ಮವ್ವನ್ನ ಮಾರಿದ್ರಾ?" ಎಂದಳು ಟ್ರಿಫೀನಾ.

"ಇಲ್ಲ ಇಲ್ಲ. ಮಾರಿದ್ದು ನನ್ನ. ಕುಂಟು ಕುದುರೆ ಅಲ್ವಾ, ಅಗ್ಗಕ್ಕೆ ಹೋದೆ."

ಮಗು ನಕ್ಕಿತು. ಒಳಗೆ ಥಾಮಸಿನ್ ಪೊರಕೆ ಹಿಡಿದವಳು ಒಂದು ಗಳಿಗೆ ನಿಂತು, ಮತ್ತೆ ಗುಡಿಸಿದಳು.

ಆ ವರ್ಷವನ್ನು ಅವಳು ಮುದ್ದು ಮಾಡಿ ಕಳೆಯಲಿಲ್ಲ. ಮುದ್ದು ಮಾಡುವ ಆಸೆ ಕೈಬೆರಳಿನ ತುದಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಅಲ್ಲೇ ತಡೆದು, ಮಗಳ ಕೈಗೆ ಸೂಜಿ ಕೊಡುತ್ತಿದ್ದಳು. ಕಾಲುಚೀಲ ಹೆಣೆಯುವುದು, ಉಣ್ಣೆ ಬಾಚುವುದು, ತುಂಬಿದ ಬಕೆಟ್ಟನ್ನು ಚೆಲ್ಲದೆ ತರುವುದು, ಮರಳು ಹಾಕಿ ತಾಮ್ರದ ಪಾತ್ರೆ ಉಜ್ಜುವುದು. ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂರಬೇಕು, ಆಗ ಅದು ಒದೆಯುವ ಮೊದಲೇ ಗೊತ್ತಾಗುತ್ತದೆ. ಕೆಲಸ ಬರುವ ಮಗುವಿಗೆ ಹೊಡೆತ ಕಡಿಮೆ. ಇದು ಥಾಮಸಿನ್ ತಾನು ಹದಿಮೂರು ವರ್ಷಕ್ಕೆ ಮನೆಗೆಲಸಕ್ಕೆ ಸೇರಿದಾಗ ಮೈಯಲ್ಲಿ ಕಲಿತ ಪಾಠ. ಮಗಳು ಅದನ್ನು ಮೊದಲೇ ಕಲಿತಿರಲಿ ಎಂಬುದಷ್ಟೇ ಅವಳ ಆಸೆ.

"ಒಡತಿ ಕರೆದ್ರೆ ಏನನ್ಬೇಕು?"

"ಬಂದೆ ಅಮ್ಮಾವ್ರೇ."

"ಯಾವಾಗ?"

"ಅವ್ರು ಮಾತು ಮುಗಿಸೋಕೆ ಮುಂಚೆ."

"ಊಟಕ್ಕೆ ಕೂತಾಗ?"

"ಬೇಗ ಬೇಗ ತಿನ್ಬೇಕು. ಬ್ರೆಡ್ಡು ಮೊದಲು, ಗಂಜಿ ಆಮೇಲೆ. ಬ್ರೆಡ್ಡನ್ನ ಬೇರೆಯೋರು ಕಿತ್ಕೋಬಹುದು."

"ಮಲಗೋದು?"

"ಒಲೆ ಹಿಂದಿನ ಗೋಡೆ ಕಡೆ."

ಆಮೋಸ್ ಇದನ್ನು ಕೇಳಲಾಗದೆ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ಕಸಾಯಿಯವನ ಹತ್ತಿರ ಒಂದು ದನದ ಕೊಂಬು ಬೇಡಿ ತಂದು, ಬಿಸಿನೀರಿನಲ್ಲಿ ಬೇಯಿಸಿ, ಚಪ್ಪಟೆ ಮಾಡಿ, ವಾರಗಟ್ಟಲೆ ಕೂತು ಗರಗಸದಿಂದ ಹಲ್ಲು ಬಿಡಿಸಿದ. ಸಣ್ಣ ಬಾಚಣಿಗೆ. ಹಲ್ಲು ಎಷ್ಟು ಒತ್ತಾಗಿದ್ದವೆಂದರೆ ಸೀರು ಕೂಡ ಸಿಕ್ಕಿ ಬರುತ್ತಿತ್ತು. ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಥಾಮಸಿನ್ ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಹೇನು ಬಾಚುತ್ತಿದ್ದಳು. ಅದೂ ಒಂದು ಕೆಲಸವೇ ಆದ್ದರಿಂದ ಅಲ್ಲಿ ಕೈಯನ್ನು ತಡೆಯಬೇಕಾಗಿರಲಿಲ್ಲ.

ಹೊಸ ಅಂಜಿಕೆ ಹುಟ್ಟಿದ್ದು ಅಕ್ಟೋಬರಿನಲ್ಲಿ. ಟ್ರಿಫೀನಾ ಬ್ರೆಡ್ಡಿನ ತುಂಡನ್ನು ಕೈಯಲ್ಲಿ ಹಿಡಿದು ಓಡಿ ಬಂದಳು. ಅದರಲ್ಲಿ ಅಕ್ಕಿಕಾಳಿನಂಥ ಹಲ್ಲೊಂದು ನಾಟಿಕೊಂಡಿತ್ತು.

"ಅವ್ವಾ, ಬಿತ್ತು! ನೋಡು, ಬಿತ್ತು!"

ಥಾಮಸಿನ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಈ ಹಲ್ಲು ಮೊಳೆತಾಗ ಜ್ವರ ಬಂದಿತ್ತು, ಮೂರು ದಿನ ಹೆಗಲ ಮೇಲೆ ಹೊತ್ತು ತಿರುಗಿದ್ದಳು. ಐದು ವರ್ಷದ ಮಗುವಿಗೆ ಹಲ್ಲು ಬೀಳುವುದಿಲ್ಲ. ಅವಳು ಅದಕ್ಕೆ ಉಪ್ಪು ಹಚ್ಚಿ ಒಲೆಗೆ ಹಾಕಿದಳು. ಎಲ್ಲ ತಾಯಂದಿರೂ ಹಾಗೇ ಮಾಡುತ್ತಾರೆ, ಇಲ್ಲದಿದ್ದರೆ ಸತ್ತ ಮೇಲೆ ಹಲ್ಲು ಹುಡುಕಿಕೊಂಡು ಅಲೆಯಬೇಕಾಗುತ್ತದಂತೆ. ಆಮೇಲೆ ಮಗಳ ಗಲ್ಲ ಹಿಡಿದು ಹೇಳಿದಳು:

"ಇನ್ಮೇಲೆ ಕುದುರೆ ಮೇಲೆ ಬರ್ತಾರಲ್ಲ, ಸ್ನೆಲ್ ಯಜಮಾನ್ರು, ಅವ್ರ ಮುಂದೆ ಬಾಯಿ ಬಿಡ್ಬಾರ್ದು. ನಗು ಬಂದ್ರೂ ಹಿಂಗೆ, ತುಟಿ ಮುಚ್ಕೊಂಡು ನಗು. ಮಾಡು ನೋಡೋಣ."

ಮಗು ಮಾಡಿ ತೋರಿಸಿತು. ಅದೊಂದು ಆಟವಾಯಿತು. ಎರಡನೆಯದು ಬಿತ್ತು. ಕ್ರಿಸ್‌ಮಸ್ ಹೊತ್ತಿಗೆ ಮೇಲಿನದೂ ಒಂದು ಹೋಯಿತು. ಆಮೋಸ್ ಎಷ್ಟು ಕಚಗುಳಿಯಿಟ್ಟರೂ ಟ್ರಿಫೀನಾ ತುಟಿ ಬಿಗಿಹಿಡಿದು, ಮೂಗಿನಲ್ಲೇ ನಗುತ್ತಾ ಉರುಳಾಡುತ್ತಿದ್ದಳು. ಮಗು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ತಾಯಿಯ ಮುಂದೆಯೂ ಬಾಯಿ ಬಿಟ್ಟು ನಗುವುದು ಕಡಿಮೆಯಾಯಿತು. ಥಾಮಸಿನ್ ಅದನ್ನು ಗಮನಿಸಿದಳು. ಸದ್ಯ ಹಾಗೇ ಇರಲಿ ಎಂದುಕೊಂಡಳು.

ಮಾರ್ಚಿನಲ್ಲಿ ಸ್ನೆಲ್ ಬಂದ. ಸಂತೆಯಿಂದ ಹಿಂದಿರುಗುವಾಗ ದಾರಿಯಲ್ಲೇ ಇತ್ತಲ್ಲ ಎಂದು ಬಂದವನು, ತನಿಖೆಗೆ ಬಂದವನಲ್ಲ. ಕುರಿಗೆ ಒಳ್ಳೆಯ ಬೆಲೆ ಸಿಕ್ಕಿ ಖುಷಿಯಲ್ಲಿದ್ದ. ಜೇಬಿನಿಂದ ಶುಂಠಿ ಬಿಸ್ಕತ್ತೊಂದನ್ನು ತೆಗೆದು ಗೇಟಿನ ಮೇಲೆ ಕೂತಿದ್ದ ಟ್ರಿಫೀನಾಗೆ ಕೊಟ್ಟ. ಕಲ್ಲಿನಂತೆ ಗಟ್ಟಿ. ಅವಳು ಅದನ್ನು ಬಾಯಿಯ ಮೂಲೆಗೆ ತಳ್ಳಿಕೊಂಡು, ಪಕ್ಕದ ಹಲ್ಲಿನಿಂದ ಕೆರೆಯುತ್ತಾ ತಿಂದಳು. ತುಟಿ ಮಾತ್ರ ಬಿಗಿಯಾಗಿತ್ತು.

"ಇದೇನೇ ಮುದುಕೀರು ತಿಂದಂಗೆ ತಿಂತೀಯ!" ಎಂದು ಸ್ನೆಲ್ ನಕ್ಕ. ನಗುತ್ತಲೇ, ಜೀವಮಾನವಿಡೀ ಕುರಿಗಳ ಬಾಯಿಗೆ ಹೋದ ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಹೆಬ್ಬೆರಳು ಕೆಳತುಟಿಯನ್ನು ಒತ್ತಿ ಇಳಿಸಿತು. ಯೋಚಿಸಿ ಮಾಡಿದ್ದಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲು ಅವನಿಂದ ಆಗಲಿಲ್ಲ. ಕೆಳಗೆ ಎರಡು ಹೊಸ ಹಲ್ಲು, ಅಗಲವಾದವು, ಅಂಚು ಗರಗಸದಂತಿರುವವು. ಮೇಲೆ ಒಂದು ಹಲ್ಲಿನ ಜಾಗದಲ್ಲಿ ಬರಿಯ ವಸಡು.

ಬಾಗಿಲಲ್ಲಿ ಥಾಮಸಿನ್ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಇದು ಐದು ವರ್ಷದ ಬಾಯಲ್ಲ ತಾಯಿ," ಎಂದ ಸ್ನೆಲ್.

"ಕೆಲವು ಮಕ್ಕಳಿಗೆ ಬೇಗ ಬೀಳತ್ತೆ ಯಜಮಾನ್ರೇ."

"ನಂಗೂ ಐದು ಮಕ್ಕಳಿದಾವೆ. ನನ್ ಹತ್ರ ಬೇಡ." ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂತೆಯ ಖುಷಿ ಹಾಳಾದ ಬೇಸರವಿತ್ತು. "ಬೈಬಲ್ ಮುಟ್ಟಿ ಹೇಳ್ದೆ ನೀನು. ಏಳಾಗಿದೆ ಇದಕ್ಕೆ."

"ಇಲ್ಲ ಯಜಮಾನ್ರೇ!" ಥಾಮಸಿನ್ ಅಂಗಳಕ್ಕೆ ಇಳಿದು ಬಂದಳು. "ಸುಳ್ಳು ಹೇಳ್ದೆ, ಒಪ್ಕೋತೀನಿ. ಆದ್ರೆ ಏಳಾಗಿಲ್ಲ. ಸಂತ ಜಾನರ ಹಬ್ಬಕ್ಕೆ ತುಂಬತ್ತೆ. ದೇವರಾಣೆ. ಇನ್ನೂ ವಸಂತಾನೇ ಬಂದಿಲ್ಲ, ಬೇಸಿಗೇವರ್ಗೂ ನನ್ನ ಹತ್ರ ಇರ್ಬೇಕು ಇದು. ಕಾನೂನೇ ಹಂಗಿದೆ ಅಂತ ನೀವೇ ಹೇಳಿದ್ರಿ."

"ಮೊನ್ನೆ ಐದು ಅಂದೆ. ಇವತ್ತು ಆರೂ ಮುಕ್ಕಾಲು ಅಂತೀಯ. ನಾಳೆ ಏನಂತೀಯ?"

ಅವಳು ಆ ವರ್ಷವಿಡೀ ಆಡಿದ ಮಾತುಗಳಲ್ಲಿ ಇದೊಂದೇ ನಿಜ. ಅದನ್ನು ನಂಬುವವರು ಯಾರೂ ಇರಲಿಲ್ಲ.

ಸ್ನೆಲ್ ಟೋಪಿ ತೆಗೆದು, ನೆತ್ತಿ ಕೆರೆದುಕೊಂಡು, ಮತ್ತೆ ಹಾಕಿಕೊಂಡ. "ನೋಡು, ಈಸ್ಟರಿಗೆ ನನ್ ಸರದಿ ಮುಗೀತು. ಈ ಮಗೂನ ನಾನು ಒಂದು ದಾರಿಗೆ ಹಚ್ಚದೆ ಹೋದ್ರೆ ಊರ ಸಭೇಲಿ ನನ್ನ ಹರಿದು ಹಾಕ್ತಾರೆ. ಮ್ಯಾಜಿಸ್ಟ್ರೇಟರಿಗೆ ನಾನು ಹಲ್ಲಿನ ವಿಷ್ಯ ಹೇಳಲ್ಲ. ನಿನ್ನನ್ನ ಛಡಿಯಲ್ಲಿ ಹೊಡ್ಸಿ ನಂಗೇನಾಗ್ಬೇಕು? ಈಸ್ಟರಿಗೆ ಮುಂಚೆ ಮಗೂನ ತಂದು ಬಿಡು. ನಾನೂ ಸುಮ್ನಿರ್ತೀನಿ, ನೀನೂ ಸುಮ್ನಿರು."

ಕುದುರೆ ಹೋದ ಮೇಲೆ ಟ್ರಿಫೀನಾ ಗೇಟಿನ ಮೇಲಿಂದ ಇಳಿಯಲೇ ಇಲ್ಲ. ಬಿಸ್ಕತ್ತನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದಳು.

"ನಾನು ಬಿಡ್ಲಿಲ್ಲ ಅವ್ವ. ಅವ್ರೇ ಬಿಡಿಸಿದ್ರು."

"ಗೊತ್ತು ಕಣೇ. ತಿನ್ನು."

ಆಮೋಸ್ ಕೆಲಸದಿಂದ ಬಂದು ವಿಷಯ ಕೇಳಿ, ತಿನ್ನಲು ಕೂತವನು ತಟ್ಟೆ ತಳ್ಳಿದ. "ಬ್ರಿಸ್ಟಲ್‌ಗೆ ಹೋಗ್ಬಿಡಾಣ. ದೊಡ್ಡ ಊರು. ಯಾರು ಯಾವ ಪ್ಯಾರಿಷ್ಷು ಅಂತ ಯಾರು ಕೇಳ್ತಾರೆ?"

"ಕೇಳ್ತಾರೆ," ಎಂದಳು ಥಾಮಸಿನ್. "ಹೊಟ್ಟೆಗಿಲ್ದೆ ಬಾಗಿಲು ತಟ್ಟಿದ ದಿನ ಕೇಳ್ತಾರೆ. ಅಲ್ಲೇನ್ ಬೇಲಿ ಕಟ್ತೀಯಾ ನೀನು? ನಿನ್ನ ಕಾಲು ಎಷ್ಟು ದೂರ ನಡೆಯತ್ತೆ?"

"ನೀನು ನಡ್ದಷ್ಟು."

ಅವಳು ಅವನನ್ನು ನೋಡಿದಳು. ಹಿಮದಲ್ಲಿ, ಆ ಕಾಲಿನಲ್ಲಿ, ಅವನು ನಿಜವಾಗಿಯೂ ಹೊರಡುತ್ತಿದ್ದ. ದಾರಿಯಲ್ಲಿ ಹಿಡಿದರೆ ಅಲೆಮಾರಿಗಳೆಂದು ಇಬ್ಬರ ಬೆನ್ನೂ ಸುಲಿಯುತ್ತಾರೆ, ಮಗು ಹೇಗಿದ್ದರೂ ಬ್ರಾಕ್‌ಕೂಂಬಿಗೇ ಹೋಗುತ್ತದೆ. ಅವಳು ತಟ್ಟೆಯನ್ನು ಅವನ ಮುಂದೆ ಮತ್ತೆ ಸರಿಸಿದಳು. "ತಿನ್ನು. ಆರ್ತಿದೆ."

ಉಳಿದ ದಿನಗಳಲ್ಲಿ ಅವಳು ಕಾಲುಚೀಲ ಹೆಣೆದಳು. ಈಗಿನ ಕಾಲಿನ ಅಳತೆಯದೊಂದು, ಮುಂದಿನ ವರ್ಷದ್ದೊಂದು, ಅದರ ಮುಂದಿನದೊಂದು. ಹಳೆಯ ಕಂಬಳಿ ಕತ್ತರಿಸಿ ಒಳಲಂಗ ಹೊಲಿದು, ಅಂಚಿನಲ್ಲಿ ಅಗಲ ಮಡಿಕೆ ಬಿಟ್ಟಳು. ಬೆಳೆದಂತೆ ಬಿಚ್ಚಿಕೊಳ್ಳಬಹುದು.

ಚೀಟಿ ಎತ್ತಿದ್ದು ಈಸ್ಟರಿಗೆ ಮುಂಚಿನ ಮಂಗಳವಾರ, ಚರ್ಚಿನ ಪಕ್ಕದ ಕೋಣೆಯಲ್ಲಿ. ಥಾಮಸಿನ್ ಬ್ರಾಕ್‌ಕೂಂಬಿನವಳಲ್ಲವಾದ್ದರಿಂದ ಹೊರಗೆ ನಿಂತಳು. ಮಗಳ ಕೈ ಅವಳ ಕೈಯೊಳಗಿತ್ತು. ಒಳಗೆ ಯಾರೋ ಏನೋ ಹೇಳಿ, ಎಲ್ಲರೂ ನಕ್ಕರು. ಆಮೇಲೆ ಸ್ನೆಲ್ ಹೊರಗೆ ಬಂದು, ಅವಳ ಮುಖ ಬಿಟ್ಟು ಗೋಡೆಯ ಕಡೆ ನೋಡಿದ.

"ವ್ಯಾನ್‌ಸ್ಟನ್," ಎಂದ.

ತೊರೆಯಲ್ಲಿ ಹರಿಯುತ್ತಿದ್ದ ಕೆಂಪು ಎಳೆಗಳು ಅವಳ ಕಣ್ಣ ಮುಂದೆ ಬಂದವು. "ದಂಡ ಕಟ್ಟಿ ಬೇಡ ಅನ್ನಬಹುದಲ್ವಾ ಅವ್ರು? ಕೆಲವ್ರು ಹಂಗೆ ಮಾಡ್ತಾರಂತಲ್ಲ."

"ಅವನಾ? ಹತ್ತು ಪೌಂಡು ದಂಡ ಕಟ್ಟೋ ಬದ್ಲು ಹತ್ತು ಮಕ್ಕಳನ್ನ ಕರ್ಕೊಂಡ್ ಹೋಗ್ತಾನೆ." ಸ್ನೆಲ್ ಇನ್ನೂ ಗೋಡೆಯನ್ನೇ ನೋಡುತ್ತಿದ್ದ. "ಇನ್ನೊಂದ್ ಸಲ ಎತ್ತೋಣ ಅಂದೆ. ಯಾರೂ ಒಪ್ಲಿಲ್ಲ. ಇನ್ನೊಂದ್ ಸಲ ಎತ್ತಿದ್ರೆ ಅವ್ರ ಹೆಸ್ರೇ ಬರ್ಬಹುದಲ್ಲ." ಆಮೇಲೆ ಹೇಳಿದ: "ಭಾನುವಾರ ಚರ್ಚಿಗೆ ಬಾ. ಕೆಲಸದ ಮಕ್ಕಳನ್ನ ಕರ್ಕೊಂಡ್ ಬರ್ಲೇಬೇಕು ಅವ್ರು. ನೀನು ಈ ಊರಲ್ಲಿ ನೆಲೆ ನಿಲ್ಲೋ ಹಾಗಿಲ್ಲ. ಪ್ರಾರ್ಥನೆಗೆ ಬರೋದನ್ನ ಯಾರು ತಡೀತಾರೆ?"

ಥಾಮಸಿನ್ ಮಂಡಿಯೂರಿ, ಮಗಳ ತೋಳಿನ ಕೆಂಪು ಗುರುತಿನ ದೊಡ್ಡ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮಗಳು ಇನ್ನು ಊರಿನ ಹಣದಲ್ಲಿ ತಿನ್ನುವವಳಲ್ಲ, ಅದು ಬೇಕಾಗಿರಲಿಲ್ಲ. ಬಟ್ಟೆ ಎಲ್ಲೂ ಹರಿಯಲಿಲ್ಲ.

ಭಾನುವಾರಗಳು ಹೀಗೆ ಶುರುವಾದವು. ಮಂಜಿರಲಿ ಮಳೆಯಿರಲಿ, ಗುಡ್ಡ ಹತ್ತಿ, ತೊರೆ ದಾಟಿ, ಬ್ರಾಕ್‌ಕೂಂಬಿನ ಚರ್ಚಿನ ಹಿಂದಿನ ಬೆಂಚು. ಪ್ರಾರ್ಥನೆ ಮುಗಿದು ವ್ಯಾನ್‌ಸ್ಟನ್ ದಂಪತಿಗಳು ಅವರಿವರ ಜೊತೆ ಮಾತಿಗೆ ನಿಂತಾಗ, ಸಮಾಧಿಗಳ ಪಕ್ಕದ ಗೋಡೆಯ ಬಳಿ ತಾಯಿ ಮಗಳು ಕೂರುತ್ತಿದ್ದರು. ಥಾಮಸಿನ್ ಕೊಂಬಿನ ಬಾಚಣಿಗೆ ತೆಗೆಯುತ್ತಿದ್ದಳು. ಹೇನು ಬಾಚುವ ತಾಯಿಯನ್ನು 'ಬಿಡು' ಎನ್ನುವವರು ಯಾರೂ ಇಲ್ಲ. ಹೇನು ಕಮ್ಮಿಯಾದರೆ ಒಡತಿಗೇ ಲಾಭ. ಬಾಚುತ್ತಾ ಬಾಚುತ್ತಾ ಅವಳು ಕಿವಿಯ ಹಿಂದೆ ನೋಡುತ್ತಿದ್ದಳು, ಕತ್ತಿನ ಕೆಳಗೆ ನೋಡುತ್ತಿದ್ದಳು, ಕಾಲುಚೀಲ ಬಿಚ್ಚಿಸಿ ಬೆರಳು ನೋಡುತ್ತಿದ್ದಳು. ಒಲೆಯ ಹಿಂದಿನ ಜಾಗ ಸಿಕ್ಕಿರಲಿಲ್ಲ. ಅಲ್ಲಿ ನಾಯಿ ಮಲಗುತ್ತಿತ್ತು. ಹಾಲು ಕರೆಯುವುದು ಬರುತ್ತದೆಂದು ತಿಳಿದ ಮೇಲೆ ನಸುಕಿನಲ್ಲಿ ಎಬ್ಬಿಸುತ್ತಿದ್ದರು. ಕೆಲಸ ಬರುವ ಮಗುವಿಗೆ ಹೊಡೆತ ಕಡಿಮೆಯೇ. ಕೆಲಸ ಮಾತ್ರ ಹೆಚ್ಚು. ಅದನ್ನು ಥಾಮಸಿನ್ ಎಣಿಸಿರಲಿಲ್ಲ.

ಟ್ರಿಫೀನಾ ಮೊದಮೊದಲು ಎಲ್ಲವನ್ನೂ ಹೇಳುತ್ತಿದ್ದಳು, ತಾಯಿಯ ಲಂಗ ಹಿಡಿದು ಗೋಳಾಡುತ್ತಿದ್ದಳು. ಆಮೇಲೆ ಅಳುವುದು ನಿಂತಿತು. ಬೇಸಿಗೆಯ ಹೊತ್ತಿಗೆ ಕೇಳಿದ್ದಕ್ಕಷ್ಟೇ ಉತ್ತರ. ಸಂತ ಜಾನರ ಹಬ್ಬದ ಭಾನುವಾರ ಥಾಮಸಿನ್ ಕಿವಿಯಲ್ಲಿ ಹೇಳಿದಳು: "ಇವತ್ತು ನಿಂಗೆ ಏಳು ತುಂಬಿತು ಕಣೇ." ಮಗಳು ತಲೆಯಾಡಿಸಿದಳು, ಅಷ್ಟೇ.

ಅಕ್ಟೋಬರಿನ ಒಂದು ಭಾನುವಾರ ಅವಳು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದಳು. ಗೋಡೆಯ ಬಳಿ ಕೂತು ಥಾಮಸಿನ್ ಟೋಪಿ ತೆಗೆದಾಗ ಒಳಗೆ ಕೂದಲಿರಲಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಲ್ಲೇ ಕತ್ತರಿಸಿದ್ದರೆಂದು ಕಾಣುತ್ತದೆ; ಮೆಟ್ಟಿಲು ಮೆಟ್ಟಿಲಾಗಿ, ಕೆಲವು ಕಡೆ ಚರ್ಮ ತರಚಿತ್ತು.

"ಹೇನಿಗೆ ಅಂತ ಬೋಳಿಸಿದೆ!" ಎಂದು ವ್ಯಾನ್‌ಸ್ಟನ್‌ನ ಹೆಂಡತಿ ದೂರದಿಂದಲೇ ಕೂಗಿದಳು. "ವಾರವಿಡೀ ಬಾಚ್ತಾ ಕೂರೋಕೆ ನಮಗೇನು ಬೇರೆ ಕೆಲಸ ಇಲ್ವಾ? ನಿಂಗೂ ಇಷ್ಟು ದೂರ ಬರೋ ಕಷ್ಟ ತಪ್ಪಿತು ನೋಡು!" ಅವಳು ಕುಹಕಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಉಪಕಾರ ಮಾಡಿದೆ ಎಂದುಕೊಂಡಿದ್ದಳು.

"ಅವ್ವ, ಇನ್ನೇನು ಬಾಚ್ತೀಯ?" ಎಂದಳು ಟ್ರಿಫೀನಾ.

ಥಾಮಸಿನ್ ಬಾಚಣಿಗೆಯನ್ನು ಮಡಿಲಲ್ಲಿಟ್ಟಳು. ಮಗಳನ್ನು ಎಂದಿನಂತೆ ಮೊಣಕಾಲ ನಡುವೆ ಕೂರಿಸಿಕೊಂಡು, ಆ ಮೋಟುಗೂದಲಿನ ಮೇಲೆ ಬೆರಳಾಡಿಸತೊಡಗಿದಳು, ಹಣೆಯಿಂದ ಹಿಂದಕ್ಕೆ, ಕಿವಿಯಿಂದ ಕಿವಿಗೆ, ಒಂದು ಸಾಲೂ ಬಿಡದಂತೆ. ಈ ಕೈಗಳಿಗೆ ಈಗ ಕೆಲಸದ ನೆವ ಉಳಿದಿರಲಿಲ್ಲ. ಒಡತಿ ಏನಾದರೂ ಅಂದುಕೊಳ್ಳಲಿ. ಮುಂದಿನ ಭಾನುವಾರವೂ ಬರುವುದೇ. ಹಾಗೆ ಅವಳು ಮುಂದೆ ಹದಿನಾಲ್ಕು ವರ್ಷ ಬಂದಳು, ಆಮೋಸನನ್ನು ಮಣ್ಣು ಮಾಡಿದ ವಾರವೂ ಬಂದಳು.

ಬೆರಳು ಗಲ್ಲದ ಹತ್ತಿರ ಬಂದಾಗ ಅವಳಿಗೆ ನೆನಪಾಯಿತು. ಈಸ್ಟರಿನಿಂದ ಈಚೆಗೆ ಮಗಳ ಹಲ್ಲು ನೋಡಿಯೇ ಇರಲಿಲ್ಲ.

"ಎಲ್ಲಿ, ಬಾಯಿ ಬಿಡು."

ಟ್ರಿಫೀನಾ ತುಟಿಗಳನ್ನು ಇನ್ನಷ್ಟು ಬಿಗಿದಳು. ಕಣ್ಣು ವ್ಯಾನ್‌ಸ್ಟನ್ ದಂಪತಿಗಳ ಕಡೆ ಹೋಯಿತು.

"ಈಗ ಬಿಡಬಹುದು ಕಣವ್ವ. ಇನ್ನು ಪರವಾಗಿಲ್ಲ. ನಾನೇ ಹೇಳ್ತಿದೀನಲ್ಲ, ಬಿಡು."

ಮಗು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿತು. ಪರೀಕ್ಷೆ ಮಾಡುತ್ತಿದ್ದಾಳೋ ಏನೋ ಎಂಬ ಅನುಮಾನವಿತ್ತು ಆ ನೋಟದಲ್ಲಿ. ಆಮೇಲೆ, ಗೋಡೆಯ ಕಡೆ ತಿರುಗಿ, ಬೇರೆ ಯಾರಿಗೂ ಕಾಣದಂತೆ ಸ್ವಲ್ಪ ಬಿಟ್ಟಿತು. ಮೇಲಿನ ಎರಡು ಹಲ್ಲುಗಳು ಪೂರ್ತಿ ಬಂದಿದ್ದವು, ದೊಡ್ಡವು, ಮುಖಕ್ಕೆ ಇನ್ನೂ ಹೊಂದದಂಥವು. ಥಾಮಸಿನ್ ಹೆಬ್ಬೆರಳಿನಿಂದ ಅವುಗಳ ಅಂಚನ್ನು ಮುಟ್ಟಿ ನೋಡಿದಳು. ಅವು ವಸಡು ಒಡೆದು ಬಂದಾಗ ನೋವಾಗಿತ್ತೇ ಎಂದು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಗಾಡಿಯ ಬಳಿಯಿಂದ ಕರೆ ಬಂತು.

"ಬಂದೆ ಅಮ್ಮಾವ್ರೇ," ಎಂದಳು ಟ್ರಿಫೀನಾ, ಅವರು ಮಾತು ಮುಗಿಸುವ ಮುಂಚೆಯೇ.